ಅವ್ವನ ಬೆರಳಿನ ಬಾವು, ವಾರಕ್ಕೊಂದು ದಿನದ ಗುಳಿಗಿ

ಪ್ರಶ್ನೆ (ಗದಗ-ಬೆಟಗೇರಿಯಿಂದ):
ಡಾಕ್ಟರ್ ಸರ್, ನಮ್ಮವ್ವಗ 48 ವರ್ಷ. ಮೂರು ತಿಂಗಳಾತು, ಮುಂಜಾನೆ ಎದ್ದಕೂಡ್ಲೆ ಎರಡೂ ಕೈಬೆರಳು ಬಾತು ಬಿಗಿದಿರ್ತಾವ. ತಾಸುಗಟ್ಲೆ ಮುಷ್ಟಿ ಕಟ್ಟಾಕ ಬರಂಗಿಲ್ಲ. ರೊಟ್ಟಿ ಬಡಿಯೋದು ಬಿಟ್ಟಾಳ. ಹುಬ್ಬಳ್ಳ್ಯಾಗ ತೋರಿಸಿದ್ವಿ. ರುಮಟಾಯ್ಡ್ ಅಂದ್ರು, ಮೈಯಾಗಿನ ರಕ್ಷಣಾ ಕಣಗಳ ಕೀಲಿಗೆ ಹೊಡ್ಯಾಕತ್ತಾವ ಅಂದ್ರು, ಮೆಥೋಟ್ರೆಕ್ಸೇಟ್ ಬರದಾರ. ಅದು ಇಮ್ಯುನಿಟಿ ಕಡಿಮಿ ಮಾಡ್ತೈತಂತ, ಮನ್ಯಾಗ ಎಲ್ಲಾರೂ ಅಂಜ್ಯಾರ. ನಮ್ಮ ಕಾಕಾ ಇಮ್ಯುನಿಟಿ ಹೆಚ್ಚಿಸೋ ಅಮೃತಬಳ್ಳಿ ಪುಡಿ ತಂದಿಟ್ಟಾನ. ಯಾವುದು ಕೊಡ್ಲಿ?

ಡಾಕ್ಟರ್:
ತಂಗಿ, ಪುಡಿ ಬದಿಗಿಡ್ರಿ. ಯಾಕಂತ ಹೇಳ್ತೀನಿ.

ಹಂಚು ತಾಗಿ ಬೆರಳು ಸುಟ್ಟರ ಕೆಂಪಾಗ್ತದ, ಬಿಸಿಯಾಗ್ತದ, ಬಾಯ್ತದ, ನೋಯ್ತದ. ರೋಮಿನ ಸೆಲ್ಸಸ್ ಅನ್ನೋ ಲೇಖಕ ಸುಮಾರು 2000 ವರ್ಷದ ಹಿಂದ ಬರೆದಿಟ್ಟ ಉರಿಯೂತದ ನಾಲ್ಕು ಲಕ್ಷಣ ಇವೇ. ರಕ್ತನಾಳ ಹಿಗ್ಗಿ ಬಿಳಿ ರಕ್ತಕಣ ಹೊರಗ ಬರ್ತಾವ, ಹಾಳಾದದ್ದನ್ನ ನುಂಗ್ತಾವ, ಗಾಯ ಮಾಯೂದಕ್ಕ ದಾರಿ ಮಾಡ್ತಾವ, ಆಮ್ಯಾಲೆ ಹಿಂದ ಸರೀತಾವ. ಇದು ಬೇಕೇ ಬೇಕು.

ಅವ್ವನ ಕೀಲಿನಾಗ ಈ ಹಿಂದ ಸರಿಯೋದೇ ನಿಂತದ. ಕೀಲಿನ ಒಳಪದರ ಭಾಳ ತೆಳು, ಬರೀ ಒಂದೆರಡು ಕಣದಷ್ಟು ದಪ್ಪ. ಅಲ್ಲಿ ಟಿ ಕಣ, ಬಿ ಕಣ, ಮ್ಯಾಕ್ರೋಫೇಜ್ ಅನ್ನೋ ರಕ್ಷಣಾ ಕಣಗಳು ಬೀಡು ಬಿಟ್ಟು ಟಿಎನ್‌ಎಫ್, ಐಎಲ್-6 ಅನ್ನೋ ರಸ ಬಿಡ್ತಾವ. ಆ ರಸ ಮತ್ತಷ್ಟು ಕಣಗಳನ್ನ ಕರೀತದ. ಪದರ ದಪ್ಪಾಗಿ ಎಲುಬನ್ನೇ ಕೊರೀತದ. ಐಎಲ್-6 ಲಿವರ್‌ಗೆ ಮುಟ್ಟಿದಾಗ ರಕ್ತದಾಗ ಉರಿಯೂತ ತೋರಿಸೋ ಸಿಆರ್‌ಪಿ ಏರ್ತದ, ನಿಮ್ಮ ರಿಪೋರ್ಟಿನಾಗ ನೋಡ್ರಿ. ಅವ್ವಗ ಸುಸ್ತು ಇದ್ದರ ಅದೂ ಇದರಿಂದಾನ ಇರಬಹುದು. ವರ್ಷಗಟ್ಟಲೆ ಬಿಟ್ಟರ ಹೃದಯದ ರಕ್ತನಾಳಕ್ಕೂ ಪೆಟ್ಟು.

ಅಂದ್ರ ಅವ್ವಗ ಇಮ್ಯುನಿಟಿ ಕಡಿಮಿ ಆಗಿಲ್ಲ, ದಾರಿ ತಪ್ಪ್ಯದ. ಅದನ್ನ ಇನ್ನೂ ಕೆರಳಿಸೋದು ಯಾಕ? ಅಮೃತಬಳ್ಳಿಯಿಂದ ಲಿವರ್‌ಗೆ ತೊಂದರಿ ಆದ ವರದಿ ಕೋವಿಡ್ ಕಾಲದಾಗ ನಮ್ಮ ದೇಶದಾಗೇ ಬಂದಾವ, ಮೆಥೋಟ್ರೆಕ್ಸೇಟೂ ಲಿವರ್ ಮ್ಯಾಲೆ ಭಾರ ಹಾಕ್ತದ. ಎರಡೂ ಕೂಡಿಸಬ್ಯಾಡ್ರಿ. ಕಾಕಾನ ಪ್ರೀತಿ ದೊಡ್ಡದು, ಪುಡಿ ಯಾಕ ಬ್ಯಾಡ ಅಂತ ಅವರಿಗೆ ಸಮಾಧಾನದಿಂದ ಹೇಳ್ರಿ.

ರಾಣೆಬೆನ್ನೂರಿನಿಂದ:
ಸರ್, ನಮ್ಮ ಮಾವಗೂ ಇದ ಐತಿ. ಯಾರೋ ಕೊಟ್ಟ ಸಣ್ಣ ಬಿಳಿ ಗುಳಿಗಿ ತಗೊಂಡ್ರ ಮರುದಿನಾನ ಹಗುರ. ಅದ ಸಾಕಲ್ರಿ?

ಡಾಕ್ಟರ್:
ಅದು ಸ್ಟಿರಾಯ್ಡ್ ಇರಬೇಕು, ಚೀಟಿ ತಗೊಂಡು ತೋರಿಸ್ರಿ. ಬಾವು ತಕ್ಷಣ ಇಳೀತದ, ಖರೆ. ಆದ್ರ ವರ್ಷಗಟ್ಟಲೆ ಅದರ ಮ್ಯಾಲೇ ಇದ್ದರ ಸಕ್ಕರೆ ಏರ್ತದ, ಎಲುಬು ಸವೀತದ. ಒಮ್ಮೆಲೆ ನಿಲ್ಲಿಸೋದೂ ಅಪಾಯ, ಡಾಕ್ಟರ್ ಹೇಳಿದಂಗ ಇಳಿಸಬೇಕು.

ಬೆಟಗೇರಿಯಿಂದ:
ಸರ್, ಗುಳಿಗಿ ಚಾಲೂ ಮಾಡಿ 10 ದಿನ ಆತು, ಏನೂ ಫರಕ್ ಇಲ್ಲ. ದಿನಾ ಒಂದು ಕೊಡ್ಲ್ಯಾ?

ಡಾಕ್ಟರ್:
ಬ್ಯಾಡ, ಬ್ಯಾಡ್ರಿ! ಮೆಥೋಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ದಿನಾ ನುಂಗಿ ಬಾಯಿ ತುಂಬ ಹುಣ್ಣಾಗಿ, ರಕ್ತಕಣ ಕುಸಿದು ಬಂದವರನ್ನ ನಾ ಕಣ್ಣಾರೆ ನೋಡೀನಿ. ಜೀವಕ್ಕೇ ಕುತ್ತು. ಗುಣ ಕಾಣಾಕ 6ರಿಂದ 12 ವಾರ ಬೇಕು. ಫೋಲಿಕ್ ಆಸಿಡ್ ಬರೆದಿದ್ದರ ಬಿಡಬ್ಯಾಡ್ರಿ, ಹೇಳಿದ ದಿನಕ್ಕ ರಕ್ತ ತಪಾಸಣೆ ಮಾಡಿಸ್ರಿ. ಜ್ವರ, ಬಾಯಿಹುಣ್ಣು, ದಮ್ಮು ಬಂದರ ಅವತ್ತೇ ತೋರಿಸ್ರಿ. ಇಲ್ಲಿತನಕ ಎಷ್ಟು ಗುಳಿಗಿ ತಗೊಂಡಾರ, ಈಗಲೇ ಎಣಿಸಿ ಹೇಳ್ರಿ.

ಬೆಟಗೇರಿಯಿಂದ:
ಎಣಿಸಿದೆ ಸರ್. ಎರಡ ಖಾಲಿ ಆಗ್ಯಾವ, ಎರಡೂ ಸೋಮವಾರದ್ದು. ಚೀಟಿಯಾಗೂ ಸೋಮವಾರಕ್ಕ ಒಂದು ಅಂತ ಬರದಾರ.

ಡಾಕ್ಟರ್:
ಸರಿ ಅದ. ಕ್ಯಾಲೆಂಡರಿನಾಗ ಸೋಮವಾರಕ್ಕೆಲ್ಲಾ ಕೆಂಪು ಪೆನ್ನಿನಿಂದ ಗೋಲ ಹಾಕ್ರಿ. ಡಬ್ಬಿ ನಿಮ್ಮ ಕೈಯಾಗ ಇರ್ಲಿ.