ಅನುಭವ ಹಂಚಿಕೆ: ವಿಚ್ಛೇದನದ ನಂತರ ಮಕ್ಕಳ ಮನಸ್ಸನ್ನು ಕಾಪಾಡುವುದು ಹೇಗೆ?

ಪ್ರಶ್ನೆ: ನಾನೂ ನನ್ನ ಪತಿಯೂ ಪರಸ್ಪರ ಒಪ್ಪಿಗೆಯಿಂದ ಹಿಂದೂ ವಿವಾಹ ಕಾಯ್ದೆಯಡಿ ವಿಚ್ಛೇದನಕ್ಕೆ ಅರ್ಜಿ ಹಾಕಿದ್ದೇವೆ. ಮಗಳಿಗೆ 12 ವರ್ಷ, ಮಗನಿಗೆ 6. ಮಕ್ಕಳು ಕೆಟ್ಟುಹೋಗುತ್ತಾರೆಂದು ಬಂಧುಗಳು ಹೆದರಿಸುತ್ತಿದ್ದಾರೆ. ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ 1: ನನ್ನ ತಂದೆ ತಾಯಿ ಬೇರೆಯಾದಾಗ ನಾನು ಏಳನೆಯ ತರಗತಿಯಲ್ಲಿದ್ದೆ. ಅವರು ಬೇರೆಯಾದದ್ದಕ್ಕಿಂತ, ಆನಂತರವೂ ಜಗಳವನ್ನು ನನ್ನ ಮೂಲಕ ಮುಂದುವರಿಸಿದ್ದೇ ನನಗೆ ಹೆಚ್ಚು ನೋವು ಕೊಟ್ಟಿತು. ಶಾಲೆಯ ಫೀಸಿನ ಚೀಟಿಯನ್ನು ಅಮ್ಮ ನನ್ನ ಕೈಗಿತ್ತು "ನಿಮ್ಮಪ್ಪನಿಗೆ ಕೊಡು" ಎನ್ನುತ್ತಿದ್ದರು; ಭಾನುವಾರ ಅಪ್ಪ ಅದನ್ನು ಮಡಚಿ ಜೇಬಿಗಿಟ್ಟುಕೊಂಡು "ಅವಳ ಸಂಬಳವೆಲ್ಲ ಎಲ್ಲಿಗೆ ಹೋಗುತ್ತದಂತೆ, ಕೇಳು" ಎನ್ನುತ್ತಿದ್ದರು. ಎರಡೂ ಕಡೆಯ ಮಾತನ್ನು ಮೆತ್ತಗೆ ಮಾಡಿ ದಾಟಿಸುವುದನ್ನು ಆ ವಯಸ್ಸಿಗೇ ಕಲಿತೆ, ಗಣಿತ ಮಾತ್ರ ಹಿಂದೆ ಬಿತ್ತು. ಸೋದರಮಾವ ನಡುವೆ ಬಂದು, ಫೀಸು ಅಪ್ಪನಿಂದ ನೇರವಾಗಿ ಶಾಲೆಗೇ ಸಂದಾಯವಾಗುವಂತೆ ಮಾಡಿದ ಮೇಲೆ ಅಪ್ಪನನ್ನು ನೋಡಲು ಹೋಗುವುದೆಂದರೆ ಹೊಟ್ಟೆನೋವು ಬರುತ್ತಿದ್ದುದು ನಿಂತಿತು. ಹಣದ ಮಾತು, ದೂರು, ವಿಚಾರಣೆ ಯಾವುದೂ ನಿಮ್ಮ ಮಗಳ ಬಾಯಿಯಿಂದ ಹೋಗದಿರಲಿ. ದೊಡ್ಡವಳೆಂಬ ಕಾರಣಕ್ಕೆ ಆ ಹೊರೆ ಮೊದಲು ಬೀಳುವುದು ಅವಳ ಮೇಲೆಯೇ.

ಉತ್ತರ 2: ನಾನು ಮಕ್ಕಳ ಆಪ್ತಸಮಾಲೋಚಕಿ. ಬಂಧುಗಳ ಮಾತಿನಲ್ಲಿ ಸತ್ಯ ಅರ್ಧ ಮಾತ್ರ. ಅಮೆರಿಕದ ಮನೋವಿಜ್ಞಾನಿ ಮೇವಿಸ್ ಹೆದರಿಂಗ್ಟನ್ ದಶಕಗಳ ಕಾಲ ಕುಟುಂಬಗಳನ್ನು ಅಧ್ಯಯನ ಮಾಡಿ 2002ರಲ್ಲಿ ಪ್ರಕಟಿಸಿದ ಪ್ರಕಾರ, ವಿಚ್ಛೇದಿತರ ಮಕ್ಕಳಲ್ಲಿ ಸುಮಾರು ಶೇ 25ರಷ್ಟು ಮಂದಿಗೆ ಗಂಭೀರ ಭಾವನಾತ್ಮಕ ಅಥವಾ ಸಾಮಾಜಿಕ ತೊಂದರೆಗಳಿದ್ದವು. ಒಟ್ಟಿಗಿದ್ದ ದಂಪತಿಗಳ ಮಕ್ಕಳಲ್ಲಿ ಈ ಪ್ರಮಾಣ ಶೇ 10. ಅಪಾಯ ಹೆಚ್ಚುವುದು ನಿಜ, ಆದರೆ ಬಹುಪಾಲು ಮಕ್ಕಳು ಚೇತರಿಸಿಕೊಂಡರು. (ಅಜ್ಜಿ, ಮಾವ, ಚಿಕ್ಕಮ್ಮಂದಿರು ಸುತ್ತಲಿರುವ ನಮ್ಮ ಮನೆಗಳಿಗೆ ಈ ಅಂಕಿಯನ್ನು ಹಾಗೆಯೇ ಅನ್ವಯಿಸಲಾಗದು; ಆ ಬಂಧುಗಳು ಆಸರೆಯೂ ಆಗಬಲ್ಲರು, ಚಾಡಿಯ ಮೂಲವೂ ಆಗಬಲ್ಲರು.) ಆರು ವರ್ಷದ ಮಗು "ನಾನು ಹಟ ಮಾಡಿದ್ದಕ್ಕೇ ಅಪ್ಪ ಹೋದರು" ಎಂದು ನಂಬಿಬಿಡುವ ಸಾಧ್ಯತೆಯಿದೆ. ಆದ್ದರಿಂದ ಇಬ್ಬರೂ ಒಟ್ಟಿಗೆ ಕುಳಿತು, ಇದು ಅವರ ತಪ್ಪಲ್ಲವೆಂದೂ, ಎಲ್ಲಿ ಮಲಗುವುದು, ಯಾವ ಶಾಲೆ, ಅಪ್ಪ ಯಾವ ದಿನ ಬರುತ್ತಾರೆ ಎಂಬುದನ್ನೂ ಬಿಡಿಸಿ ಹೇಳಿ. ನಿದ್ದೆಯಲ್ಲಿ ಮೂತ್ರ ಮಾಡಿಕೊಳ್ಳುವುದು, ಶಾಲೆಗೆ ಹೋಗಲೊಲ್ಲದಿರುವುದು ವಾರಗಟ್ಟಲೆ ಮುಂದುವರಿದರೆ ಮಕ್ಕಳ ಮನೋವೈದ್ಯರನ್ನು ಕಾಣಿರಿ. ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೂ ಕರೆ ಮಾಡಬಹುದು.

ಉತ್ತರ 3: ವಕೀಲನಾಗಿ ಒಂದು ಮಾತು. 1956ರ ಹಿಂದೂ ಅಪ್ರಾಪ್ತವಯಸ್ಕರ ಮತ್ತು ಪಾಲಕತ್ವ ಕಾಯ್ದೆಯ 13ನೇ ಕಲಮಿನಂತೆ ಮಗುವಿನ ಹಿತವೇ ಮುಖ್ಯ. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆಂಬ ಮಾತು ನಿಮ್ಮ ಮಗನಿಗೆ ಈಗ ಅನ್ವಯಿಸದು. ಮಗಳ ಇಚ್ಛೆಯನ್ನು ನ್ಯಾಯಾಲಯ ಪರಿಗಣಿಸಬಹುದು, ಆದರೆ ಅವಳಿಗೆ ಹೇಳಿಕೊಟ್ಟು ಕಳಿಸಬೇಡಿ. ದೀಪಾವಳಿ ಯಾರ ಮನೆಯಲ್ಲಿ, ಬೇಸಿಗೆ ರಜೆ ಹೇಗೆ ಹಂಚಿಕೆ, ಫೋನು ಎಷ್ಟು ಗಂಟೆಗೆ ಎಂಬುದನ್ನೆಲ್ಲ ಒಪ್ಪಂದದಲ್ಲೇ ಬರೆಸಿ. "ಆಗ ನೋಡಿಕೊಳ್ಳೋಣ" ಎಂದು ಬಿಟ್ಟ ಸಾಲುಗಳೇ ದಂಪತಿಗಳನ್ನು ಮತ್ತೆ ಕೋರ್ಟಿಗೆ ಎಳೆದು ತರುತ್ತವೆ.