ರೀಬೂಟ್ ಆದಮೇಲೆ ಸ್ಟಾರ್ಟಪ್ ಸ್ಕ್ರಿಪ್ಟ್ ಓಡ್ತಿಲ್ಲ

ಪ್ರಶ್ನೆ (ಪುಣೆಯಿಂದ): ಕ್ಲೌಡ್‌ನ ಮುಂಬೈ ರೀಜನ್‌ನಲ್ಲಿರುವ (ಡೇಟಾ ಸೆಂಟರ್ ವಲಯ) ಉಬುಂಟು ಲಿನಕ್ಸ್ ಸರ್ವರ್. ಯೂಸರ್ ಡೇಟಾದಲ್ಲಿ (ಸರ್ವರ್ ರಚಿಸುವಾಗ ಕೊಡುವ ಸೂಚನೆ) ಹಾಕಿದ ಬ್ಯಾಶ್ ಸ್ಕ್ರಿಪ್ಟ್ ಮೊದಲ ಸಲ ಓಡಿತು, ರೀಬೂಟ್ ಮಾಡಿದರೆ ಸುಮ್ಮನಿದೆ. ಯಾಕೆ?

ಉತ್ತರ 1: ಕ್ಲೌಡ್-ಇನಿಟ್ (ಬೂಟ್ ಆಗುವಾಗ ಆ ಸೂಚನೆ ಓಡಿಸುವ ಪ್ರೋಗ್ರಾಂ) ನಡೆಯುವುದೇ ಹಾಗೆ ಸರ್, ಯೂಸರ್ ಡೇಟಾ ಸ್ಕ್ರಿಪ್ಟ್ ಒಂದು ಇನ್‌ಸ್ಟನ್ಸ್‌ಗೆ (ಸರ್ವರ್‌ಗೆ) ಒಂದೇ ಸಲ. ಪ್ರತಿ ಬೂಟ್‌ಗೂ ಬೇಕಿದ್ದರೆ ಸಿಸ್ಟಮ್‌ಡಿ (ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ಶುರು ಮಾಡುವ ವ್ಯವಸ್ಥೆ) ಸರ್ವಿಸ್ ಬರೆದು ಎನೇಬಲ್ ಮಾಡಿ, ಟೈಪ್ ಒನ್‌ಶಾಟ್ (ಓಡಿ ಮುಗಿಯುವ ಕೆಲಸ). ಸ್ಕ್ರಿಪ್ಟ್‌ಗೆ ಇಂಟರ್ನೆಟ್ ಬೇಕಾದರೆ ಸರ್ವಿಸ್ ಫೈಲಿನ ಆಫ್ಟರ್, ವಾಂಟ್ಸ್ ಸಾಲುಗಳೆರಡರಲ್ಲೂ ನೆಟ್‌ವರ್ಕ್-ಆನ್‌ಲೈನ್ ಟಾರ್ಗೆಟ್ (ನೆಟ್‌ವರ್ಕ್ ಸಿದ್ಧವಾದ ಹಂತ) ಹಾಕಿ. ಬರೀ ಆಫ್ಟರ್ ಸಾಲದು: ಅದು ಸರದಿ ಹೇಳುತ್ತದೆ, ಟಾರ್ಗೆಟ್ಟನ್ನು ಎಳೆದು ತರುವುದಿಲ್ಲ.

ಉತ್ತರ 2: ಇನ್ನೂ ಸುಲಭ: ಕ್ಲೌಡ್-ಇನಿಟ್‌ನ ಪರ್-ಬೂಟ್ ಫೋಲ್ಡರ್‌ಗೆ (/var/lib/cloud/scripts/per-boot) ಸ್ಕ್ರಿಪ್ಟ್ ಫೈಲ್ ಹಾಕಿ, ಓಡಿಸುವ ಅನುಮತಿಗೆ chmod 755 ಕೊಡಿ. ರೂಟ್ (ಪೂರ್ಣ ಅಧಿಕಾರದ ಯೂಸರ್) ಆಗಿಯೇ ಓಡುತ್ತದೆ, ಸುಡೋ ಬೇಡ. ಆದರೆ ಪ್ರತಿ ಸಲ ಓಡುವುದರಿಂದ ಫೈಲಿಗೆ ಸಾಲು ಸೇರಿಸುವ ಕಮಾಂಡ್ ಇದ್ದರೆ ಅದೇ ಸಾಲು ಮತ್ತೆ ಮತ್ತೆ ಬೆಳೆಯುತ್ತದೆ, ಸಾಲು ಆಗಲೇ ಇದೆಯೇ ಎಂದು ಮೊದಲು ಗ್ರೆಪ್ (ಹುಡುಕುವ ಕಮಾಂಡ್) ಮಾಡಿ ನೋಡಿ.

ಉತ್ತರ 3: ಎರರ್‌ಗೆ ಕ್ಲೌಡ್-ಇನಿಟ್-ಔಟ್‌ಪುಟ್ ಲಾಗ್ (/var/log/cloud-init-output.log) ತೆರೆಯಿರಿ. ಮುಂಬೈ ರೀಜನ್ ಅಂದ ಮಾತ್ರಕ್ಕೆ ಸರ್ವರ್ ಗಡಿಯಾರ ಭಾರತೀಯ ಸಮಯದ್ದಲ್ಲ, ಸಾಮಾನ್ಯವಾಗಿ ಯುಟಿಸಿ (ಜಾಗತಿಕ ಪ್ರಮಾಣ ಸಮಯ). ಲಾಗ್‌ನಲ್ಲಿರುವ ಹೊತ್ತಿಗೆ 5:30 ಗಂಟೆ ಕೂಡಿಸಿ ಓದಿ.