ಪುರಸಭೆಯ ಸಾಮಾನ್ಯ ಸಭೆಗೆ ಕ್ಯಾಮೆರಾ ಬೇಡವಂತೆ, ಮುಂದೇನು ಮಾಡಲಿ?

ಊರ ಕೇಬಲ್‌ನವ (ಪ್ರಶ್ನೆ):

ನಮ್ಮದು ತಾಲ್ಲೂಕು ಕೇಂದ್ರದ ಸಣ್ಣ ಕೇಬಲ್ ವಾಹಿನಿ. ಸಂಜೆ ಏಳಕ್ಕೆ ಅರ್ಧ ಗಂಟೆ ಸ್ಥಳೀಯ ವಾರ್ತೆ. ಕ್ಯಾಮೆರಾ ಹಿಡಿಯುವವನು ನಾನು, ಓದುವವಳು ತಂಗಿ. ಪುರಸಭೆಯ ಸಾಮಾನ್ಯ ಸಭೆಯನ್ನು ಇಷ್ಟು ವರ್ಷ ಹಿಂದಿನ ಗೋಡೆಗೆ ಒರಗಿ ನಿಂತು ಚಿತ್ರೀಕರಿಸುತ್ತಿದ್ದೆ, ಯಾರೂ ಬೇಡವೆಂದಿರಲಿಲ್ಲ. ಕುಡಿಯುವ ನೀರಿನ ವಿಷಯಕ್ಕೆ ಇಬ್ಬರು ಸದಸ್ಯರು ಮೈಕಿಗಾಗಿ ಕಿತ್ತಾಡಿದ್ದನ್ನು ಕತ್ತರಿಸದೆ ಪ್ರಸಾರ ಮಾಡಿದೆ. ಮುಂದಿನ ಸಭೆಗೆ ಹೋದರೆ ಬಾಗಿಲಲ್ಲೇ ತಡೆದರು. ಲಿಖಿತ ಆದೇಶ ಕೊಡಿ ಎಂದರೆ ಕೊಡುವುದಿಲ್ಲ. 2019ರಲ್ಲಿ ವಿಧಾನಸಭೆಯಿಂದಲೇ ಖಾಸಗಿ ವಾಹಿನಿಗಳ ಕ್ಯಾಮೆರಾ ಹೊರಗಿಟ್ಟರಲ್ಲ, ನಿನ್ನದೇನು ಹೆಚ್ಚು ಎಂದು ಒಬ್ಬರು ಕೇಳಿದರು.

ಇನ್ನೊಂದು ತಾಪತ್ರಯ ದುಡ್ಡಿನದು. ಬಟ್ಟೆ ಅಂಗಡಿ, ಕೋಚಿಂಗ್ ಸೆಂಟರ್ ಬಿಟ್ಟರೆ ನಮಗೆ ಬರುವ ಜಾಹೀರಾತು ಎಂದರೆ ಸದಸ್ಯರ ಹುಟ್ಟುಹಬ್ಬದ ಶುಭಾಶಯ. ಅದರ ಹಣ ಕೊಡುವವರು ಗುತ್ತಿಗೆದಾರರು. ಅವರು ಹಾಕಿದ ರಸ್ತೆಯ ಗುಂಡಿ ತೋರಿಸಿ, ಬೆನ್ನಿಗೇ ಅವರದೇ ಶುಭಾಶಯ ಹಾಕುವ ಪರಿಸ್ಥಿತಿ. ಅನುಭವಸ್ಥರು ದಾರಿ ಹೇಳಿ.

ಮ್ಯಾಂಚೆಸ್ಟರ್ ಕನ್ನಡಿಗ:

ಇಲ್ಲಿ ಸ್ಥಳೀಯ ಸಂಸ್ಥೆಗಳ ಸಭೆಗೆ ಜನರನ್ನು ಬಿಡಬೇಕೆಂಬ ಕಾನೂನು 1960ರಲ್ಲೇ ಬಂತು. ಆ ಮಸೂದೆ ತಂದವರು ಆಗಿನ್ನೂ ಹೊಸ ಸಂಸದೆಯಾಗಿದ್ದ ಮಾರ್ಗರೆಟ್ ಥ್ಯಾಚರ್. 2014ರಿಂದ ಇಂಗ್ಲೆಂಡಿನಲ್ಲಿ ಸಾರ್ವಜನಿಕ ಸಭೆಯನ್ನು ಯಾರು ಬೇಕಾದರೂ ಚಿತ್ರೀಕರಿಸಬಹುದು. ಆದರೂ ಜಗತ್ತು ನೋಡಿದ್ದು ಯಾವುದನ್ನು? ನಮ್ಮ ಪಕ್ಕದ ಹ್ಯಾಂಡ್‌ಫೋರ್ತ್ ಎಂಬ ಊರಿನ ಪ್ಯಾರಿಷ್ ಕೌನ್ಸಿಲ್‌ನವರು ಜೂಮ್‌ನಲ್ಲಿ ಜಗಳವಾಡಿದ್ದನ್ನು. 2021ರಲ್ಲಿ ನನ್ನ ಕಚೇರಿಯಲ್ಲಿ ಎಲ್ಲರೂ ಅದನ್ನು ನೋಡಿ ನಕ್ಕರು, ಸಭೆ ಕರೆದದ್ದು ಯಾತಕ್ಕೆ ಎಂದು ಒಬ್ಬರೂ ಕೇಳಲಿಲ್ಲ.

ನಿವೃತ್ತ ಗುಮಾಸ್ತ:

ನಾಲ್ಕಾರು ಪುರಸಭೆಗಳಲ್ಲಿ ನೀರು ಕುಡಿದವನು ನಾನು. ನಡವಳಿ ಬರೆಯುವ ಕೆಲಸ ಬಹುಕಾಲ ನನ್ನ ಪಾಲಿಗೇ ಇತ್ತು. ಕೇಬಲ್‌ನವರೇ, ಮೈಕಿನ ಜಗಳ ತೋರಿಸಿದಿರಿ, ಸಂತೋಷ. ಜಗಳ ಮುಗಿದು ಎಲ್ಲರೂ ಬೋಂಡಾ, ಕಾಫಿಯ ಕಡೆ ಕಣ್ಣು ಹಾಯಿಸಿದಾಗ ಏನೇನು ಪಾಸಾಯಿತು ಎಂದು ಗಮನಿಸಿದಿರಾ?

ಸಭಾ ಸೂಚನಾ ಪತ್ರದ ಕಡೆಯ ಸಾಲು ನಾನು ಕೆಲಸ ಮಾಡಿದ ಎಲ್ಲ ಊರಿನಲ್ಲೂ ಒಂದೇ: ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು’. ಕಸದ ಆಟೋ ದುರಸ್ತಿ, ಬೋರ್‌ವೆಲ್ ಮೋಟಾರು, ಬೀದಿದೀಪ, ಜಾತ್ರೆಗೆ ಹಾಕಿದ ಶಾಮಿಯಾನದ ಬಿಲ್ಲು ಎಲ್ಲವೂ ಅಲ್ಲಿಗೇ ಬಂದು ಬೀಳುತ್ತವೆ. ಕೆಲಸ ಆಗಿಹೋಗಿರುತ್ತದೆ, ಈಗ ಬೇಕಾದದ್ದು ಘಟನೋತ್ತರ ಮಂಜೂರಾತಿ. ನಾನು ಎದ್ದು ವಿಷಯದ ಸಂಖ್ಯೆ ಓದುವಷ್ಟರಲ್ಲಿ ‘ಪಾಸ್, ಪಾಸ್’ ಎಂಬ ಕೂಗು. ನಡವಳಿಯಲ್ಲಿ ಮಾತ್ರ ‘ಕೂಲಂಕಷವಾಗಿ ಚರ್ಚಿಸಿ ಸರ್ವಾನುಮತದಿಂದ ಅಂಗೀಕರಿಸಲಾಯಿತು’. ಗಲಾಟೆ ಮಾಡಿದ ಇಬ್ಬರೂ ಆ ಸರ್ವಾನುಮತದಲ್ಲಿ ಸೇರಿರುತ್ತಾರೆ.

ಆದ್ದರಿಂದ ಬಾಗಿಲಲ್ಲಿ ಜಗಳವಾಡುತ್ತಾ ಕೂರಬೇಡಿ. ಸೂಚನಾ ಪತ್ರ, ನಡವಳಿ, ಅಳತೆ ಪುಸ್ತಕ, ಈ ಮೂರರ ಪ್ರತಿ ಹಿಡಿಯಿರಿ. ಅಳತೆ ಪುಸ್ತಕದಲ್ಲಿ ಚರಂಡಿಯ ಉದ್ದ, ಅಗಲ, ಆಳ, ಎಂಜಿನಿಯರ ಸಹಿ, ತಾರೀಖು ಎಲ್ಲ ಇರುತ್ತದೆ. ಗುತ್ತಿಗೆದಾರನಿಗೆ ಹಣ ಬಿಡುವುದು ಅದರ ಮೇಲೆಯೇ. ಆ ಪುಟವನ್ನು ಪರದೆಯ ಮೇಲೆ ಹಾಕಿ, ಅದೇ ಚರಂಡಿಯಲ್ಲಿ ಟೇಪು ಹಿಡಿದು ಅಳೆಯಿರಿ. ಬೀದಿಯಲ್ಲಿ ಚಿತ್ರೀಕರಿಸಲು ಅಧ್ಯಕ್ಷರ ಅಪ್ಪಣೆ ಬೇಕಿಲ್ಲ. ಮಾಹಿತಿ ಹಕ್ಕು ಕಾಯ್ದೆಯ 2(ಜೆ) ಕಲಮಿನಲ್ಲಿ ಕಾಮಗಾರಿಯನ್ನು ಪರಿಶೀಲಿಸುವ, ಸಾಮಗ್ರಿಯ ಪ್ರಮಾಣೀಕೃತ ಮಾದರಿ ಪಡೆಯುವ ಹಕ್ಕೂ ಇದೆ. ಕಾಗದಕ್ಕಷ್ಟೇ ಸಂಬಂಧಿಸಿದ ಕಾನೂನು ಎಂದು ಅನೇಕರು ತಿಳಿದಿದ್ದಾರೆ.

ಮಾಜಿ ಸದಸ್ಯೆ:

ಹಿರಿಯರು ಹೇಳಿದ್ದು ಸರಿ, ಆದರೆ ಕ್ಯಾಮೆರಾದ ಆಸೆ ಬಿಡಬೇಡಿ. ನಾನು ಮಹಿಳಾ ಮೀಸಲು ವಾರ್ಡಿನಿಂದ ಗೆದ್ದವಳು. ಕ್ಯಾಮೆರಾ ಇದ್ದ ದಿನ ಸದಸ್ಯೆಯರ ಗಂಡಂದಿರು ಸಭಾಂಗಣದೊಳಗೆ ಕುರ್ಚಿ ಹಾಕಿಕೊಳ್ಳುತ್ತಿರಲಿಲ್ಲ, ನಮ್ಮ ಮಾತನ್ನು ಅರ್ಧಕ್ಕೆ ತುಂಡರಿಸುತ್ತಿರಲಿಲ್ಲ. ಅಳತೆ ಪುಸ್ತಕದಿಂದ ಆ ಉಪಕಾರ ಆಗದು. ತಡೆದವರ ಬಾಯಿಂದ ಲಿಖಿತ ಉತ್ತರ ಹೊರಡಿಸಿ. ನಿಮ್ಮ ಸಭೆಗಳಿಗೆ ಸಾರ್ವಜನಿಕರಿಗೆ ಪ್ರವೇಶ ಇದೆಯೇ, ನಡವಳಿ ಜನರಿಗೆ ಸಿಗುತ್ತದೆಯೇ ಎಂಬುದನ್ನು ಅದೇ ಕಾಯ್ದೆಯ 4(1)(ಬಿ) ಪ್ರಕಾರ ಕಚೇರಿ ತಾನಾಗಿಯೇ ಪ್ರಕಟಿಸಬೇಕು.

ಊರ ಕೇಬಲ್‌ನವ:

ಎಲ್ಲರಿಗೂ ಧನ್ಯವಾದ. ಚರಂಡಿಯಿಂದಲೇ ಶುರು ಮಾಡುತ್ತೇನೆ, ನಮ್ಮ ಬಸ್ ನಿಲ್ದಾಣದ ಹಿಂದೆ ಒಂದಿದೆ. ಮೇಡಂ ಹೇಳಿದ ಅರ್ಜಿಯನ್ನೂ ಹಾಕುತ್ತೇನೆ. ಶುಭಾಶಯದ ಜಾಹೀರಾತಿಗೆ ಮಾತ್ರ ಇನ್ನೂ ಉತ್ತರ ಸಿಗಲಿಲ್ಲ.

ಚಂದಾದಾರ:

ಅಮೆರಿಕದಲ್ಲಿ ಸಂಸತ್ತಿನ ಕಲಾಪ ತೋರಿಸುವ ಸಿ-ಸ್ಪ್ಯಾನ್ ವಾಹಿನಿ 1979ರಿಂದ ನಡೆಯುತ್ತಿದೆ. ಸರ್ಕಾರದ ಹಣವಿಲ್ಲ. ಕೇಬಲ್ ಕಂಪನಿಗಳು ಪ್ರತಿ ಚಂದಾದಾರನ ಲೆಕ್ಕದಲ್ಲಿ ಕೆಲವೇ ಸೆಂಟ್ ಕೊಡುತ್ತವೆ. ನೀವೇ ಕೇಬಲ್‌ನವರು. ಮನೆಗೆ ತಿಂಗಳಿಗೆ ಎರಡು ರೂಪಾಯಿ ಹೆಚ್ಚಿಗೆ ಕೇಳಿ ನೋಡಿ, ಯಾತಕ್ಕೆಂದು ವಾರ್ತೆಯಲ್ಲೇ ಹೇಳಿ. ನಾನಾದರೆ ಕೊಡುತ್ತೇನೆ, ಧಾರಾವಾಹಿ ಮಾತ್ರ ನಿಲ್ಲಿಸಬೇಡಿ.

ನಿವೃತ್ತ ಗುಮಾಸ್ತ:

ಅರ್ಜಿ ಬರೆಯುವಾಗ ಒಂದು ಎಚ್ಚರ. ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು ಎಂಬುದು ಕರ್ನಾಟಕದ ನಿಯಮ. ನೀರು, ದೀಪ, ಚರಂಡಿ ಎಲ್ಲ ಒಂದರಲ್ಲೇ ತುರುಕಿದರೆ ಹಿಂದಕ್ಕೆ ಕಳಿಸಲು ನೆಪ ಸಿಕ್ಕಂತೆ. ಸಭೆಗೆ ಪ್ರವೇಶದ ವಿಷಯ ಬೇರೆ ಅರ್ಜಿಯಾಗಲಿ. ವಾರ್ಡ್ ಸಂಖ್ಯೆ, ಕಾಮಗಾರಿಯ ಹೆಸರು, ವರ್ಷ ಬರೆಯಿರಿ. 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ, ಸ್ವೀಕೃತಿಗೆ ಸೀಲು ಹಾಕಿಸಿಕೊಳ್ಳಿ. 30 ದಿನದಲ್ಲಿ ಉತ್ತರ ಬರದಿದ್ದರೆ ಮೇಲ್ಮನವಿ. ಮಳೆಗಾಲಕ್ಕೆ ಮುಂಚೆಯೇ ಹಾಕಿ, ಚರಂಡಿಯಲ್ಲಿ ನೀರು ನಿಂತ ಮೇಲೆ ಆಳ ಅಳೆಯಲು ಬರುವುದಿಲ್ಲ.